ಹಕ್ಕಿಗಳು ಇಲ್ಲವಾದವೆಂದು ನಾನು ಸಾರಿದ್ದು

ನಮ್ಮ ಕಾಲನಿಯಲ್ಲಿ ಹಕ್ಕಿಗಳು ಇಲ್ಲವಾದವು ಎಂದು ಮೊದಲು ಸಾರಿದವನು ನಾನೇ. ಮನೆಯ ಕಟ್ಟೆಯ ಮೇಲೆ ಕೂತು ಹೆಂಡತಿಗೆ ಹೇಳಿದ ಮಾತಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದ್ದು ಐವತ್ತು ಮಂದಿ ತುಂಬಿದ ಸಭಾಂಗಣದಲ್ಲಿ, ಮೈಕು ಹಿಡಿದು, ಗಂಟಲು ಸರಿಮಾಡಿಕೊಂಡು. ಐವತ್ತು ಮಂದಿಯೂ ನಂಬಿದರು. ಈಗ ಇದನ್ನು ನಗುತ್ತ ಬರೆಯುತ್ತಿದ್ದೇನೆ. ಆಗ ಮಾತ್ರ ಒಂದು ತಿಂಗಳು ಸರಿಯಾಗಿ ನಿದ್ದೆ ಬಂದಿರಲಿಲ್ಲ.

ನಾನು ಗದಗಿನ ಕಡೆಯವನು. ರೈಲ್ವೆಯಲ್ಲಿ ಸಿಗ್ನಲ್ ಮತ್ತು ಟೆಲಿಫೋನಿನ ತಂತಿಗಳನ್ನು ನೋಡಿಕೊಳ್ಳುವ ಕೆಲಸ. ಹುಬ್ಬಳ್ಳಿಯಿಂದ ವರ್ಗವಾಗಿ ನಾಗಪುರಕ್ಕೆ ಬಂದಾಗ ಮೂರು ವರ್ಷದ ಮಾತು ಎಂದುಕೊಂಡಿದ್ದೆವು. ಇಪ್ಪತ್ತೆರಡು ವರ್ಷ ಕಳೆದವು, ನಿವೃತ್ತಿಯೂ ಇಲ್ಲೇ ಆಯಿತು. ನನ್ನ ಹೆಂಡತಿ ಈ ಊರಿನ ಬಿಸಿಲನ್ನು ಬೈಯುತ್ತ ಬೈಯುತ್ತಲೇ ತರ್ರಿ ಎಂಬ ಕೆಂಪು ಖಾರದ ರಸ ಸುರಿದ ಇಲ್ಲಿಯ ಅವಲಕ್ಕಿಗೆ ಸೋತಳು. ಊರಿಗೆ ಹೋದರೆ ಅಲ್ಲಿಯ ಅವಲಕ್ಕಿ ಸಪ್ಪೆ ಅನ್ನುತ್ತಾಳೆ. ಇನ್ನು ನಮಗೆ ತಿರುಗಿ ಹೋಗುವ ಮಾತಿಲ್ಲ ಎಂದು ಅವತ್ತೇ ನನಗೆ ತಿಳಿಯಿತು.

ನಿವೃತ್ತಿಯಾದ ಮೇಲೆ ನನ್ನನ್ನು ಯಾವ ಕೆಲಸಕ್ಕೂ ಯಾರೂ ಕರೆಯಲಿಲ್ಲ. ಸರ್ವೀಸಿನಲ್ಲಿದ್ದಾಗ ತಂತಿ ಕಡಿದರೆ ಸಾಕು, ಮೇಲಧಿಕಾರಿಗಳೂ ನನ್ನ ಹೆಸರು ಹಿಡಿದು ಹುಡುಕುತ್ತಿದ್ದರು. ಈಗ ಮನೆಯ ಬಲ್ಬು ಹೋದರೂ ಹೆಂಡತಿ ತಾನೇ ಸ್ಟೂಲು ಹತ್ತಿ ಹಾಕಿಕೊಳ್ಳುತ್ತಿದ್ದಳು. ಹೀಗಿರುವಾಗ ಒಂದು ದಿನ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದ ಮೈಸೂರಿನ ಹುಡುಗಿಯೊಬ್ಬಳು ಮನೆಗೆ ಬಂದಳು. ಹುಡುಗಿ ಎಂದೆ, ಮೂವತ್ತರ ಮೇಲಿರಬೇಕು. ಕೆರೆ, ನಾಲೆಗಳ ನೀರನ್ನು ತಂದು ಪರೀಕ್ಷೆ ಮಾಡುವ ಸಂಶೋಧಕಿ. ಪರಿಸರದ ಬಗ್ಗೆ ಮಾಡಿದ ಸಾಕ್ಷ್ಯಚಿತ್ರಗಳನ್ನು ತಿಂಗಳಿಗೊಂದು ಭಾನುವಾರ ಸಂಜೆ ಎಲ್ಲರಿಗೂ ಪುಕ್ಕಟೆ ತೋರಿಸುವುದು ಅವಳ ಆಸೆ. ನಮ್ಮ ಕನ್ನಡದ ಮಂದಿ ಹಬ್ಬಗಳಿಗೆಂದು ಕಟ್ಟಿಕೊಂಡ ಸಣ್ಣ ಸಭಾಂಗಣ ತಿಂಗಳುಗಟ್ಟಲೆ ಬೀಗ ಹಾಕಿಕೊಂಡು ಕೂತಿರುತ್ತಿತ್ತು, ಅದು ಸಿಕ್ಕಿತ್ತು. ಚಿತ್ರ ಬೀಳಿಸುವ ಪ್ರೊಜೆಕ್ಟರ್ ಅವಳ ಹತ್ತಿರವೇ ಇತ್ತು.

"ಅಂಕಲ್, ಸೌಂಡ್ ಮಾತ್ರ ನಂಗೆ ಗೊತ್ತಾಗಲ್ಲ. ನೀವು ನೋಡ್ಕೊಳ್ತೀರಾ?" ಎಂದಳು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮರುದಿನವೇ ಇತವಾರಿ ಪೇಟೆಗೆ ಹೋಗಿ, ಕೈಗಾಡಿ ಟೆಂಪೋಗಳ ನಡುವೆ ನುಸುಳಿ, ನಾಲ್ಕು ಅಂಗಡಿ ಹತ್ತಿಳಿದು ಒಳ್ಳೆಯ ತಾಮ್ರದ ವೈರು ತಂದೆ. ಸಭಾಂಗಣದ ಹಳೆಯ ಆಂಪ್ಲಿಫೈಯರನ್ನು ಬಿಚ್ಚಿ ಧೂಳು ಹೊಡೆದೆ. ಗೋಡೆಗೆ ಎರಡು ಸ್ಪೀಕರ್ ತೂಗುಹಾಕಿದೆ. ಹಿಂದಿನ ಗೋಡೆಗೆ ಒಂದು ಮೇಜು, ಮೇಜಿನ ಹಿಂದೆ ಒಂದು ಕುರ್ಚಿ. ಆ ಕುರ್ಚಿ ನನ್ನದು. ಅದರಲ್ಲಿ ಕೂತಾಗ ನನಗೆ ಮತ್ತೆ ಡ್ಯೂಟಿಗೆ ಬಂದ ಹಾಗೆ ಅನ್ನಿಸುತ್ತಿತ್ತು.

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನವೂ ಚಿತ್ರ ಪುಕ್ಕಟೆ ಅಂದರೆ ನಂಬುವುದಿಲ್ಲ. ಮೊದಲ ಭಾನುವಾರ ಒಂದು ನದಿಯ ಕಥೆ. ಚಿತ್ರ ಮುಗಿದು ದೀಪ ಹಾಕಿದರೂ ಯಾರೂ ಏಳಲಿಲ್ಲ. ಚಿತ್ರ ಇಷ್ಟು ತಟ್ಟಿತಲ್ಲ ಎಂದು ಆ ಹುಡುಗಿ ಹಿಗ್ಗಿದಳು. ಅಸಲಿಗೆ ಎಲ್ಲರೂ ಕಾಯುತ್ತಿದ್ದದ್ದು, ಈಗ ಟೈ ಕಟ್ಟಿದವನೊಬ್ಬ ಒಳಗೆ ಬಂದು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಾನೆ ಎಂದು. ಯಾರೂ ಬರಲಿಲ್ಲ. ಚಹಾ ಬಂತು. ಅದಕ್ಕೂ ಅವಳದೊಂದು ನಿಯಮ, ಕಾಗದದ ಕಪ್ಪು ಇಲ್ಲ, ಕುಡಿಯುವವರು ಮನೆಯಿಂದ ಲೋಟ ತರಬೇಕು. ಎರಡನೇ ತಿಂಗಳಿಂದ ಜನ ಸ್ಟೀಲಿನ ಲೋಟ ಹಿಡಿದು ಬರತೊಡಗಿದರು. ಕನ್ನಡದವರಿಗಿಂತ ಮರಾಠಿಯವರೇ ಹೆಚ್ಚು. ಚಿತ್ರಗಳು ಇಂಗ್ಲಿಷಿನವು, ಕೆಳಗೆ ಹಿಂದಿ ಅಕ್ಷರದಲ್ಲಿ ಮಾತು ಬರುತ್ತಿತ್ತು, ಹಾಗಾಗಿ ಯಾರಿಗೂ ತೊಂದರೆಯಿರಲಿಲ್ಲ.

ತೊಂದರೆ ಇದ್ದದ್ದು ಕೂಲರಿನದು. ನಾಗಪುರದ ಬೇಸಿಗೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ ಜನರನ್ನು ಕೂರಿಸಬೇಕೆಂದರೆ ಕೂಲರ್ ಬೇಕೇ ಬೇಕು. ತಗಡಿನ ದೊಡ್ಡ ಪೆಟ್ಟಿಗೆ, ಒಳಗೆ ಫ್ಯಾನು, ಮೂರು ಕಡೆ ನೀರು ಜಿನುಗುವ ಹುಲ್ಲಿನ ಪರದೆ. ಗಾಳಿ ತಂಪು, ಸದ್ದು ಗೂಡ್ಸ್ ಗಾಡಿಯದು. ಹಾಕಿದರೆ ಚಿತ್ರ ಕೇಳುವುದಿಲ್ಲ, ಆರಿಸಿದರೆ ಜನ ಕೂರುವುದಿಲ್ಲ. ಏಪ್ರಿಲಿನಿಂದ ಜೂನಿನವರೆಗೆ ಮೂರು ಚಿತ್ರಗಳನ್ನು ಎಲ್ಲರೂ ಓದಿಯೇ ನೋಡಿದರು. ಎಲ್ಲರೂ ಗೊಣಗಿದರು. ನನಗೆ ಮಾತ್ರ ಆ ಮೂರು ತಿಂಗಳು ಬಹಳ ಹಿತವಾಗಿದ್ದವು, ಏಕೆಂದರೆ ಆ ಸಭಾಂಗಣದಲ್ಲಿ ಎಲ್ಲರೂ ನನ್ನ ಹಾಗೆಯೇ ಆಗಿದ್ದರು.

ನನ್ನ ಕಿವಿ ಮಂದವಾಗಿ ಆಗಲೇ ಎರಡು ವರ್ಷವಾಗಿತ್ತು.

ಮೊದಲು ಕುಕ್ಕರಿನ ಸೀಟಿ ಹೋಯಿತು. ಬೇಳೆ ಸೀದ ವಾಸನೆ ಬಂದ ಮೇಲೆ ಎದ್ದು ಹೋಗುತ್ತಿದ್ದೆ. ಆಮೇಲೆ ಮಕ್ಕಳ ಮಾತು, ಫೋನಿನ ಗಂಟೆ, ಹೆಂಗಸರು ಮೆಲ್ಲಗೆ ಆಡುವ ಮಾತು ಒಂದೊಂದಾಗಿ ಸವೆದವು. ದಪ್ಪ ದನಿಗಳು ಕೇಳುತ್ತಿದ್ದವು, ಸಣ್ಣ ದನಿಗಳು ಇಲ್ಲ. ನಾನು ಉಪಾಯ ಕಲಿತೆ. ಬಾಯಿ ನೋಡಿ ಮಾತು ಹಿಡಿಯುವುದು, ತಿಳಿಯದಿದ್ದರೆ ಹೂಂ ಅನ್ನುವುದು, ಎಲ್ಲರೂ ನಕ್ಕಾಗ ಅವರಿಗಿಂತ ಸ್ವಲ್ಪ ಜೋರಾಗಿ ನಗುವುದು. ಏನಂದಿರಿ ಎಂದು ಕೇಳುವುದನ್ನು ಪೂರ್ತಿ ಬಿಟ್ಟೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ, ಆ ಬೆಕ್ಕು ನಾನೇ.

ಇಷ್ಟು ಮುಚ್ಚಿಡಲು ಕಾರಣವಿತ್ತು. ನಮ್ಮ ದೊಡ್ಡಪ್ಪನಿಗೆ ಐವತ್ತಕ್ಕೇ ಕಿವಿ ಹೋಗಿತ್ತು. ಹೊಲ, ಮನೆ, ಮದುವೆ ಯಾವ ಮಾತಿಗೂ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಎದುರಿಗೇ ಕೂತಿರುತ್ತಿದ್ದ, ಅವನ ತಲೆಯ ಮೇಲಿಂದ ಮಾತು ಹಾರಿಹೋಗುತ್ತಿತ್ತು. ನಾವು ಹುಡುಗರು ಅವನ ಬೆನ್ನ ಹಿಂದೆ ನಿಂತು ಅವನನ್ನೇ ಬೈದು, ಅವನು ತಿರುಗಿ ನೋಡದಿದ್ದಾಗ ಹೊಟ್ಟೆ ಹಿಡಿದು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ರಾಮದಾಸಪೇಠ್‌ನಲ್ಲಿ ಕಿವಿಯ ಡಾಕ್ಟರ ದವಾಖಾನೆಯೊಂದಿದೆ. ಅದರ ಮೆಟ್ಟಿಲವರೆಗೆ ಎರಡು ಸಲ ಹೋಗಿ, ಪಕ್ಕದ ಅಂಗಡಿಯಲ್ಲಿ ಕಬ್ಬಿನ ಹಾಲು ಕುಡಿದು ತಿರುಗಿ ಬಂದಿದ್ದೆ.

ಇಂಥ ಕಿವಿ ಇಟ್ಟುಕೊಂಡು ಸೌಂಡಿನ ಕೆಲಸಕ್ಕೆ ಹೇಗೆ ಕೂತೆ ಎಂದು ಕೇಳಬಹುದು. ಆಂಪ್ಲಿಫೈಯರಿನ ಮುಖದ ಮೇಲೆ ಸಣ್ಣ ದೀಪಗಳ ಸಾಲೊಂದಿತ್ತು. ಪೆಟ್ಟಿಗೆಯೊಳಗೆ ದನಿ ಬಂದಷ್ಟೂ ಹಸಿರು ದೀಪ ಮೇಲಕ್ಕೆ ಓಡುತ್ತದೆ, ಅತಿಯಾದರೆ ಕೆಂಪು. ನಾನು ದೀಪ ನೋಡುತ್ತಿದ್ದೆ, ಜೊತೆಗೆ ಮುಂದಿನ ಸಾಲಿನ ಮಂದಿಯನ್ನು ನೋಡುತ್ತಿದ್ದೆ. ಅಲ್ಲಿ ಮರಾಠಿ ಶಾಲೆಯೊಂದರ ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾದ ಹೆಂಗಸೊಬ್ಬರು ಕೂರುತ್ತಿದ್ದರು. ಕಾಲನಿಯ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದು ಕಲಿತವರು, ಆದ್ದರಿಂದ ಎಲ್ಲರೂ ಅವರನ್ನು ಶಾಲೆಯಲ್ಲಿ ಕರೆದಂತೆಯೇ ಮರಾಠಿಯಲ್ಲಿ ಬಾಯಿ, ಅಂದರೆ ಟೀಚರಮ್ಮ, ಎನ್ನುತ್ತಿದ್ದರು. ಬಾಯಿ ಮುಂದಕ್ಕೆ ಬಾಗಿದರೆ ದನಿ ಏರಿಸಬೇಕು, ಹುಬ್ಬು ಗಂಟಿಕ್ಕಿದರೆ ಇಳಿಸಬೇಕು. ಮೂವತ್ತೈದು ವರ್ಷ ತಂತಿಯ ಜೊತೆ ಬಾಳಿದವನಿಗೆ ಇಷ್ಟು ಸಾಕಾಗಿತ್ತು.

ಜುಲೈಯಲ್ಲಿ ಮಳೆ ಬಂದು ಕೂಲರುಗಳು ಮೂಲೆ ಸೇರಿದವು. ಆ ತಿಂಗಳ ಚಿತ್ರ ಕಾಡು ಕಡಿದ ಮೇಲೆ ಮಾಯವಾದ ಪ್ರಾಣಿಗಳದು. ಚಿತ್ರವಾದ ಮೇಲೆ ಚರ್ಚೆ. ಮೈಕು ಕೈಯಿಂದ ಕೈಗೆ ದಾಟಿ ಹಿಂದೆ ನನ್ನವರೆಗೂ ಬಂತು. ನನಗೆ ಮಾತಾಡಲು ಸಿಕ್ಕಿದ್ದೇ ಹೆಚ್ಚು. ಕಾಡಿನ ಮಾತು ಯಾಕೆ, ನಮ್ಮ ಕಾಲನಿಯನ್ನೇ ನೋಡಿ ಎಂದೆ. ಎರಡು ವರ್ಷದ ಹಿಂದೆ ಬೆಳಗಾದರೆ ಎಷ್ಟು ಬಗೆಯ ಹಕ್ಕಿ ಕೂಗುತ್ತಿದ್ದವು, ಈಗ ಕಾಗೆ ಮತ್ತು ಪಾರಿವಾಳ ಬಿಟ್ಟರೆ ಒಂದಾದರೂ ಕೇಳುತ್ತದೆಯೇ ಎಂದೆ. ಪಾರಿವಾಳಗಳೇ ಸಣ್ಣ ಹಕ್ಕಿಗಳನ್ನು ಓಡಿಸಿರಬೇಕು ಎಂದು ಒಂದು ಸಿದ್ಧಾಂತವನ್ನೂ ಮಂಡಿಸಿದೆ.

ನಾನು ಸುಳ್ಳು ಹೇಳಲಿಲ್ಲ. ನನಗೆ ನಿಜವಾಗಿಯೂ ಕೇಳುತ್ತಿರಲಿಲ್ಲ. ಕಾಗೆ ಕೇಳುತ್ತದೆ, ಪಾರಿವಾಳದ ಗುಟುರು ಕೇಳುತ್ತದೆ, ಹಾಗಿದ್ದ ಮೇಲೆ ತಪ್ಪು ನನ್ನ ಕಿವಿಯದು ಹೇಗಾದೀತು, ಹಕ್ಕಿಗಳದ್ದೇ ಎಂದು ನನ್ನ ಲೆಕ್ಕ. ಎಲೆಯ ಮರೆಯಲ್ಲಿರುವ ಸಣ್ಣ ಹಕ್ಕಿಯನ್ನು ಕಣ್ಣಲ್ಲಿ ಹುಡುಕುವ ಗೊಡವೆಗೆ ಯಾರು ಹೋಗುತ್ತಾರೆ, ಕೂಗಿದರೆ ಇದೆ, ಇಲ್ಲದಿದ್ದರೆ ಇಲ್ಲ.

"ಅಗದೀ ಬರೋಬರ್!" ಎಂದರು ಮುಂದಿನ ಸಾಲಿನಿಂದ ಬಾಯಿ. ತಾವೂ ಅದನ್ನೇ ಗಮನಿಸಿದ್ದಾಗಿ, ಗುಬ್ಬಿಯ ದನಿ ಕೇಳಿ ಯುಗವಾಯಿತೆಂದು ಹೇಳಿದರು. ಬಾಯಿ ಹೌದೆಂದ ಮೇಲೆ ಅಲ್ಲವೆನ್ನುವ ಧೈರ್ಯ ಯಾರಿಗಿದೆ? ಅದೂ ಅಲ್ಲದೆ ನಾಲ್ಕು ತಿಂಗಳಿಂದ ನದಿ ಹೋಯಿತು, ಕೆರೆ ಹೋಯಿತು, ಕಾಡು ಹೋಯಿತು ಎಂದು ನೋಡಿ ನೋಡಿ ಹದಗೊಂಡ ಜನ. ಏನೇ ಹೋಯಿತು ಎಂದರೂ ಹೌದು ಹೋಯಿತು ಎಂದು ತಲೆಯಾಡಿಸುವ ಸ್ಥಿತಿಯಲ್ಲಿದ್ದರು. ಮೈಸೂರಿನ ಹುಡುಗಿ ಮಾತ್ರ, ಒಂದು ವಾರ ಎಲ್ಲರೂ ಬೆಳಿಗ್ಗೆ ಹಕ್ಕಿ ಎಣಿಸಿ ಬರೆದಿಡೋಣ, ಪುರಾವೆ ಬೇಕಲ್ಲ ಎಂದು ಮೆಲ್ಲಗೆ ಹೇಳಿ ನೋಡಿದಳು.

"ಪುರಾವಾ ಕಶಾಲಾ? ಆಪ್ಲೇ ಕಾನ್ ಆಹೇತ್ ನಾ!" ಎಂದು ಬಾಯಿ ಅವಳನ್ನು ಕೂರಿಸಿಬಿಟ್ಟರು. ಪುರಾವೆ ಯಾಕೆ, ನಮ್ಮ ಕಿವಿಗಳೇ ಇವೆಯಲ್ಲ!

ಆಗಸ್ಟಿನಲ್ಲಿ ಬಾಯಿ ಪತ್ರವೊಂದನ್ನು ಬರೆದು ತಂದರು. ಹಕ್ಕಿಗಳು ಮಾಯವಾದ ಬಗ್ಗೆ ತನಿಖೆಯಾಗಬೇಕೆಂದು ನಗರಪಾಲಿಕೆಗೆ ಮನವಿ, ಮುತ್ತಿನಂಥ ಅಕ್ಷರದಲ್ಲಿ ಎರಡು ಪುಟ. ಇದನ್ನು ಮೊದಲು ಗಮನಿಸಿದ ಹಿರಿಯ ನಾಗರಿಕರು ಎಂದು ನನ್ನ ಹೆಸರು ಮೊದಲ ಪುಟದಲ್ಲೇ ಇತ್ತು. ನಾನು ಸಹಿ ಮಾಡಿದೆ, ಪಕ್ಕದಲ್ಲಿದ್ದ ಹೆಂಡತಿ ಮಾಡಿದಳು, ಹಾಳೆ ಮುಂದೆ ಸಾಗಿತು. ಉಳಿದವರ ಸಹಿಯನ್ನು ಸೆಪ್ಟೆಂಬರಿನ ಚಿತ್ರದ ದಿನ ಪಡೆದು ಮರುದಿನವೇ ತಾವು ಖುದ್ದಾಗಿ ಹೋಗಿ ಕೊಡುವುದೆಂದು ಬಾಯಿ ಘೋಷಿಸಿದರು.

ಅದಾದ ವಾರಕ್ಕೆ ಒಂದು ಬೆಳಿಗ್ಗೆ ಚಹಾ ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ. ಎರಡು ಮಾರು ದೂರದ ನಿಂಬೆ ಗಿಡದ ಹೊರ ಟೊಂಗೆಯ ಮೇಲೆ ಅಂಗೈಗಿಂತ ಸಣ್ಣ ಹಸಿರು ಹಕ್ಕಿಯೊಂದು ಬಂದು ಕೂತಿತು. ಬಾಲ ನೆಟ್ಟಗೆ ನಿಲ್ಲಿಸಿ ಕೊಕ್ಕು ತೆರೆಯಿತು. ಗಂಟಲು ಗಡಗಡ ನಡುಗುತ್ತಿತ್ತು, ಮೈಯೆಲ್ಲ ಅದುರುತ್ತಿತ್ತು. ಸದ್ದು ಮಾತ್ರ ಇಲ್ಲ. ನಾನು ಲೋಟ ಕೆಳಗಿಟ್ಟು ಉಸಿರು ಹಿಡಿದು ನೋಡಿದೆ. ಅದು ಮತ್ತೆ ಮತ್ತೆ ಕೊಕ್ಕು ತೆರೆಯಿತು, ಮತ್ತೆ ಮತ್ತೆ ಏನೂ ಇಲ್ಲ.

ಹಕ್ಕಿ ಹೋಗಿಲ್ಲ. ಹೋಗಿದ್ದು ಏನು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ನನ್ನ ಕೆಟ್ಟ ಕಿವಿಯನ್ನು ನಂಬಿ ಐವತ್ತು ಮಂದಿ ಸರ್ಕಾರಕ್ಕೆ ಪತ್ರ ಬರೆಯುತ್ತಿದ್ದರು. ನಿಲ್ಲಿಸಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಆ ಹಿಂದಿನ ಕುರ್ಚಿ ಹೋಗುತ್ತದೆ, ಅಲ್ಲಿಂದ ಮುಂದೆ ನಾನು ನಮ್ಮ ದೊಡ್ಡಪ್ಪ. ಒಂದು ತಿಂಗಳು ಹೀಗೆಯೇ ಒದ್ದಾಡಿದೆ, ಯಾರಿಗೂ ಬಾಯಿ ಬಿಡಲಿಲ್ಲ.

ಸೆಪ್ಟೆಂಬರಿನ ಚಿತ್ರ ಹಕ್ಕಿಗಳದೇ ಆಗಿತ್ತು. ಒಂದು ದೊಡ್ಡ ಊರಿನ ಅಂಚಿನ ಕೆರೆ, ಅದಕ್ಕೆ ಬರುವ ಹಕ್ಕಿಗಳು, ಮುಕ್ಕಾಲು ಗಂಟೆಯ ಚಿತ್ರ. ಅವತ್ತೇ ಆ ಹುಡುಗಿಗೆ ಬುಟಿಬೋರಿಯಲ್ಲಿ ಕೆಲಸ, ಕಾರ್ಖಾನೆಗಳ ಹಿಂದಿನ ನಾಲೆಯ ನೀರು ತರಬೇಕಿತ್ತು. ಬರುವುದು ತಡವಾಗುತ್ತದೆ, ಅಂಕಲ್ ನೀವೇ ಶುರು ಮಾಡಿ ಎಂದು ಫೋನಿನಲ್ಲಿ ಬರೆದು ಕಳಿಸಿದ್ದಳು. ಸಂಜೆ ಆರಕ್ಕೆ ಸಭಾಂಗಣ ತುಂಬಿತು. ನನ್ನ ಹೆಂಡತಿ ಮೂರನೇ ಸಾಲಿನಲ್ಲಿ. ಬಾಯಿ ಮುಂದೆ, ಮಡಿಲಲ್ಲಿ ಪತ್ರದ ಫೈಲು.

ಚಿತ್ರ ಶುರುವಾಗಿ ಕಾಲು ಗಂಟೆಯಾಗಿರಬೇಕು. ಹಿಂದಿನ ಬಾಗಿಲು ಗಾಳಿಗೆ ತೆರೆದುಕೊಂಡು ಪರದೆಯ ಮೇಲೆ ಬೆಳಕು ಬಿತ್ತು. ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತೆ. ದೀಪ ನೋಡಿದೆ, ಹಸಿರು ಚೆನ್ನಾಗಿ ಓಡುತ್ತಿತ್ತು. ಬಾಯಿ ಸ್ವಲ್ಪ ಮುಂದೆ ಬಾಗಿದ್ದರು, ದನಿ ಒಂದಿಷ್ಟು ಏರಿಸಿದೆ. ಇನ್ನೂ ಬಾಗಿದರು, ಇನ್ನೂ ಏರಿಸಿದೆ. ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ಹಿಂತಿರುಗಿ ನನ್ನನ್ನು ನೋಡಿದಳು. ಎಲ್ಲ ಸರಿಯಾಗಿದೆ ಎಂದು ಕೈಯೆತ್ತಿ ತೋರಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದಳು. ಗಂಡನ ಕೆಲಸ ನೋಡಿ ಹೆಮ್ಮೆ ಪಡುತ್ತಿದ್ದಾಳೆ ಎಂದು ಮುಗುಳ್ನಕ್ಕೆ. ನಡುವೆ ಯಾರೋ ಇಬ್ಬರು ತಲೆ ಜೋಡಿಸಿ ಗುಸುಗುಸು ಮಾಡುವುದು ಕಂಡಿತು. ಸುತ್ತ ಕಣ್ಣಾಡಿಸುತ್ತಿದ್ದ ಬಾಯಿ ಅದನ್ನು ಕಂಡು, "ಶಾಂತತಾ!" ಎಂದು ಗದರಿದರು. ಆ ಗದರಿಕೆ ನನಗೂ ಕೇಳಿಸಿತು. ಆಮೇಲೆ ಯಾರೂ ಮಿಸುಕಲಿಲ್ಲ. ನಮ್ಮ ಸಭಾಂಗಣದಲ್ಲಿ ಇಷ್ಟು ತನ್ಮಯರಾಗಿ ಜನ ಕೂತದ್ದನ್ನು ನಾನು ಕಂಡಿರಲಿಲ್ಲ.

ಚಿತ್ರ ಮುಗಿಯಿತು, ದೀಪ ಹಾಕಿದೆ, ಮೈಕು ತೆಗೆದುಕೊಂಡು ಹೋಗಿ ಬಾಯಿಯ ಕೈಗೆ ಕೊಟ್ಟು ನನ್ನ ಕುರ್ಚಿಗೆ ಬಂದೆ. ಅವರು ಮೈಕನ್ನು ಪಕ್ಕಕ್ಕಿಟ್ಟರು, ಮಕ್ಕಳ ಮುಂದೆ ನಲವತ್ತು ವರ್ಷ ಪಾಠ ಮಾಡಿದ ಗಂಟಲಿಗೆ ಅದು ಬೇಕಿರಲಿಲ್ಲ. ನಿರ್ದೇಶಕನ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು ಎಂದರು. ಮೊದಲು ಹಕ್ಕಿಗಳ ಕಲರವ ಕೇಳಿಸಿ, ಆಮೇಲೆ ದನಿಯನ್ನೇ ತೆಗೆದುಹಾಕಿ, ಹಕ್ಕಿಯಿಲ್ಲದ ಲೋಕ ಹೇಗಿರುತ್ತದೆ ಎಂದು ತೋರಿಸಿದ್ದಾನೆ ಎಂದರು. ಚಪ್ಪಾಳೆ ಬಿತ್ತು. ಇನ್ನೊಬ್ಬರು ಎದ್ದು, ಆ ಮೌನ ತಮ್ಮ ಎದೆಗೆ ನಾಟಿತು ಎಂದರು. ಮತ್ತೆ ಚಪ್ಪಾಳೆ. ನಾನೂ ತಟ್ಟಿದೆ, ಎಲ್ಲರೂ ತಟ್ಟುತ್ತಿದ್ದರಲ್ಲ.

ಅಷ್ಟರಲ್ಲಿ ಆ ಹುಡುಗಿ ಬೂಟಿಗೆಲ್ಲ ಕೆಸರು ಮಾಡಿಕೊಂಡು ಒಳಗೆ ಬಂದಳು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿದಳು. ಮುಖದಲ್ಲಿ ಗೊಂದಲ. ನನ್ನ ಮೇಜಿನ ಹತ್ತಿರ ಬಂದು ನನ್ನೆದುರು ನಿಂತು, "ಯಾವ ಮೌನ ಅಂಕಲ್? ಈ ಫಿಲ್ಮ್‌ನಲ್ಲಿ ಕೊನೇವರೆಗೂ ಮಾತಿದೆ, ಹಕ್ಕಿ ಕೂಗೂ ಇದೆ" ಎಂದಳು. ಅವಳ ಕಣ್ಣು ನನ್ನ ಕಾಲಿನ ಹತ್ತಿರ ಹೋಯಿತು. ನಾನೂ ಬಗ್ಗಿ ನೋಡಿದೆ. ಎರಡೂ ಸ್ಪೀಕರಿಗೆ ಹೋಗುವ ವೈರು, ನಾನೇ ಇತವಾರಿಯಿಂದ ತಂದ ವೈರು, ಆಂಪ್ಲಿಫೈಯರಿನಿಂದ ಕಿತ್ತು ನೆಲದ ಮೇಲೆ ಬಿದ್ದಿತ್ತು. ಬಾಗಿಲು ಹಾಕಲು ಎದ್ದಾಗ ನನ್ನ ಕಾಲಿಗೇ ಸಿಕ್ಕಿರಬೇಕು. ಅರ್ಧ ಗಂಟೆ ಐವತ್ತು ಮಂದಿ ಮೂಕ ಚಿತ್ರ ನೋಡಿದ್ದರು. ಸೌಂಡಿನವನು ಹಸಿರು ದೀಪ ನೋಡುತ್ತ ಕೂತಿದ್ದ.

ಹುಡುಗಿ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಒಳ್ಳೆಯ ಹುಡುಗಿ, ಕಾಲಿನಿಂದ ವೈರನ್ನು ಮೆಲ್ಲಗೆ ಮೇಜಿನ ಕೆಳಗೆ ತಳ್ಳಿದಳು. ಮುಂದೆ ಬಾಯಿ ಫೈಲು ಬಿಚ್ಚಿ ಸಹಿಗೆ ಹಾಳೆ ಕಳಿಸತೊಡಗಿದ್ದರು. ನಾನು ಸುಮ್ಮನಿದ್ದರೆ ಎಲ್ಲವೂ ಉಳಿಯುತ್ತಿತ್ತು. ಮೌನಕ್ಕೆ ಚಪ್ಪಾಳೆ, ನನಗೆ ಕುರ್ಚಿ, ನಗರಪಾಲಿಕೆಗೆ ಪತ್ರ. ಅದು ಎಲ್ಲಿಂದ ಬಂತೋ, ನನಗೆ ನನ್ನ ಮೇಲೇ ರೇಗಿಹೋಯಿತು. ಸುಳ್ಳು ಇಷ್ಟು ಚೆನ್ನಾಗಿ ನಡೆಯುವುದನ್ನು ನೋಡಲಾಗದೆ ಎದ್ದು ನಿಂತೆ.

"ಮಲಾ ಐಕೂ ಯೇತ್ ನಾಹೀ," ಎಂದೆ. ನನಗೆ ಕಿವಿ ಕೇಳಿಸುವುದಿಲ್ಲ. ಕೂಗಿಯೇ ಹೇಳಿದೆನಂತೆ, ಆಮೇಲೆ ಹೆಂಡತಿ ಹೇಳಿದಳು.

ಎಲ್ಲರೂ ತಿರುಗಿದರು. ವೈರನ್ನು ಎತ್ತಿ ತೋರಿಸಿದೆ. ಮರಾಠಿ, ಹಿಂದಿ ಕಲಸಿ, ಎರಡು ವರ್ಷದಿಂದ ಕೇಳುತ್ತಿಲ್ಲವೆಂದೂ, ಸೌಂಡು ಹೋದದ್ದು ನನ್ನಿಂದಲೇ ಎಂದೂ, ಹಕ್ಕಿಗಳು ಇವೆಯೆಂದೂ, ನಿಂಬೆ ಗಿಡದಲ್ಲಿ ಕಣ್ಣಾರೆ ಕಂಡೆನೆಂದೂ, ಪಾರಿವಾಳಗಳದು ತಪ್ಪಿಲ್ಲವೆಂದೂ ಒಂದೇ ಉಸಿರಿಗೆ ಹೇಳಿದೆ. ಹೇಳಿ ಮುಗಿಸಿ, ನಗು ಬರಲಿ ಎಂದು ಕಾದೆ.

ನಗು ಬರಲಿಲ್ಲ. ಬಾಯಿ ಎದ್ದು ನಿಂತರು. ಸೆರಗಿನ ಮರೆಯಲ್ಲಿ ಕೈ ಹಾಕಿ ಕಿವಿಯಿಂದ ಕಡಲೆಕಾಳಿನಷ್ಟು ಏನನ್ನೋ ತೆಗೆದು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದರು. ಕಿವಿಯ ಮಷೀನು. "ಮಲಾ ಪಣ್ ನಾಹೀ," ಎಂದರು. ನನಗೂ ಇಲ್ಲ. ನಡುವೆ ದನಿ ನಿಂತಾಗ ಇದರ ಸೆಲ್ ಮುಗಿಯಿತು ಎಂದುಕೊಂಡರಂತೆ. ಕೆಳಗೆ ಅಕ್ಷರ ಬರುತ್ತಿದೆ, ಯಾರೋ ಮಾತಾಡುತ್ತಿದ್ದಾರೆ, ತನಗೆ ಕೇಳುತ್ತಿಲ್ಲ. ಅದು ಯಾರಿಗೂ ಗೊತ್ತಾಗಬಾರದೆಂದು ನಿರ್ದೇಶಕನ ಕಥೆ ಕಟ್ಟಿದರಂತೆ. ಎರಡನೇ ಸಾಲಿನಲ್ಲಿ ಕೂತಿದ್ದ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಕೈಯೆತ್ತಿ, ತಾನೂ ತನ್ನ ಕಿವಿಯದೇ ದೋಷ ಎಂದುಕೊಂಡೆ ಎಂದರು. ಅವರ ಪಕ್ಕದವರೂ ಅದನ್ನೇ ಹೇಳಿದರು. ಹೀಗೆ ಒಂದೊಂದೇ ಕೈ ಮೇಲೆದ್ದು, ಅರ್ಧ ಸಭಾಂಗಣ ತನ್ನ ತನ್ನ ಕಿವಿ ಹೋಯಿತೆಂದು ಹೆದರಿ ಅರ್ಧ ಗಂಟೆ ಸುಮ್ಮನೆ ಕೂತಿತ್ತು ಎಂದು ಹೊರಬಿತ್ತು. ಉಳಿದರ್ಧ ಬಾಯಿಗೆ ಹೆದರಿ ಸುಮ್ಮನಿತ್ತು.

ಆಗ ಬಂತು ನಗು. ಮೊದಲು ನಕ್ಕವರು ಬಾಯಿಯೇ. ಅವರು ನಕ್ಕದ್ದನ್ನು ಅವರ ಶಿಷ್ಯರು ಅವತ್ತೇ ಮೊದಲು ಕಂಡರಂತೆ. ನಾನೂ ನಕ್ಕೆ. ಎರಡು ವರ್ಷದಲ್ಲಿ ಮೊದಲ ಸಲ, ಯಾಕೆ ನಗುತ್ತಿದ್ದಾರೆಂದು ತಿಳಿದು ನಕ್ಕೆ. ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಬಾಯಿ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಸೇರಿಸಿ, ರದ್ದು ಎಂದರು. ಆ ಹುಡುಗಿ ನನ್ನ ಪಕ್ಕದ ಕುರ್ಚಿಗೆ ಧೊಪ್ಪೆಂದು ಕೂತು ನೀರು ಕುಡಿದಳು. "ಅಂಕಲ್, ಈ ಪತ್ರ ಹೇಗೆ ನಿಲ್ಲಿಸ್ಲಿ ಅಂತ ಒಂದು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ನಿಮ್ಮ ಓಣೀಲೇ ಆ ಹಸಿರು ಟುವ್ವಿ ಹಕ್ಕಿ ಎಲೆ ಹೊಲಿದು ಗೂಡು ಕಟ್ಟಿದೆ. ಇದರಲ್ಲಿರೋ ಕೂಗು ಕೇಳಾದ್ರೂ, ಇದು ನಮ್ಮಲ್ಲೂ ಇದೆಯಲ್ಲ ಅಂತ ನಿಮಗೆಲ್ಲ ಅನುಮಾನ ಬರ್ಲಿ ಅಂತಾನೇ ಈ ಫಿಲ್ಮ್ ತಂದೆ," ಎಂದಳು.

ಚಹಾ ಆದ ಮೇಲೆ ಚಿತ್ರವನ್ನು ಮತ್ತೊಮ್ಮೆ ಹಾಕಿದೆವು, ದನಿಯ ಸಮೇತ. ಒಬ್ಬರೂ ಮನೆಗೆ ಹೋಗಲಿಲ್ಲ. ನನ್ನ ಕುರ್ಚಿಯಿಂದ ನನ್ನನ್ನು ಯಾರೂ ಏಳಿಸಲೂ ಇಲ್ಲ. ಹುಡುಗಿ ಕಿವಿಯಿಂದ ಕೇಳಿ ಬೆರಳಿನಿಂದ ಮೇಲೆ ಕೆಳಗೆ ಎಂದು ತೋರಿಸಿದಳು, ನಾನು ಗುಂಡಿ ತಿರುಗಿಸಿದೆ. ಈಗಲೂ ಹಾಗೆಯೇ ನಡೆದಿದೆ. ಮೂರನೇ ದಿನ ರಾಮದಾಸಪೇಠ್‌ನ ಆ ಮೆಟ್ಟಿಲು ಹತ್ತಿದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಬಹಳ ಹೊತ್ತು ಗುಂಡಿ ಹಿಡಿದು ಸುಮ್ಮನೆ ಕೂತೆ. ಸಣ್ಣ ದನಿಗಳ ಕಡೆ ಕಿವಿ ಸವೆದಿದೆ, ಮಷೀನು ಬರಲು ಸ್ವಲ್ಪ ದಿನ ಹಿಡಿಯುತ್ತದೆ ಎಂದರು ಡಾಕ್ಟರು.

ಅದಕ್ಕೂ ಮೊದಲಿನ ಮಾತು ಒಂದಿದೆ. ಚಿತ್ರದ ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತಿದ್ದೆ. ಹೆಂಡತಿ ಚಹಾ ತಂದಳು. ಯಾವಾಗಲೂ ಪಕ್ಕದಲ್ಲಿ ಕೂರುವವಳು ಅವತ್ತು ಬೆತ್ತದ ಮೋಡಾ ಎಳೆದು ನನ್ನ ಎದುರಿಗೆ, ತುಟಿ ಕಾಣುವ ಹಾಗೆ ಕೂತಳು.

"ವಾಯರ್ ಕಿತ್ತಿದ್ದು ನಿನಗ ಗೊತ್ತಾಗಿತ್ತು," ಎಂದೆ. "ಎರಡ ಸಲ ತಿರುಗಿ ನೋಡಿದಿ. ಎದ್ದ ಬಂದು ಹೇಳ್ಬಾರದಿತ್ತೇನು?"

"ಏನಂತ ಹೇಳ್ಬೇಕಿತ್ರಿ?" ಎಂದಳು. "ಸೌಂಡ್ ಬಂದ್ ಆಗೈತಿ, ನಮ್ಮನಿಯವ್ರಿಗೆ ಗೊತ್ತಾಗಿಲ್ಲ ಅಂತ ಎಲ್ಲಾರ ಮುಂದ ಸಾರ್ಬೇಕಿತ್ತೇನು? ಎರಡ ವರ್ಷ ಮುಚ್ಚಿಟ್ಟೀರಿ. ಅದು ನೀವ ಹೇಳ್ಬೇಕಾದ ಮಾತು, ನನ್ನದಲ್ಲ."

"ಎರಡ ವರ್ಷದಿಂದ ನಿನಗ ಗೊತ್ತೈತಿ?"

"ಕುಕ್ಕರ್ ಸೀಟಿ ಹೊಡದಾಗ ನಿಮ್ಮ ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನು?"

ನಾನು ಲೋಟದೊಳಗೆ ನೋಡುತ್ತ ಕೂತೆ. ಆಮೇಲೆ, "ಹಂಗಾದ್ರ ಹಕ್ಕಿ? ದಿನಾ ನಿನಗ ಕೇಳ್ತಿದ್ವು. ಆ ಪತ್ರಕ್ಕ ಸಹಿ ಯಾಕ ಮಾಡಿದಿ?" ಎಂದೆ.

ನನ್ನ ಹೆಂಡತಿ ಪಕ್ಕದ ಮನೆಯವರು ಕೇಳಿದರೂ ಸುಳ್ಳು ಹೇಳದವಳು, ಜಾತಕದಲ್ಲಿ ವಯಸ್ಸು ಒಂದು ವರ್ಷ ಇಳಿಸಿದ್ದಕ್ಕೆ ತನ್ನ ಅಪ್ಪನನ್ನು ಇವತ್ತಿಗೂ ಬೈಯುವವಳು. "ಹಕ್ಕಿ ಅದಾವು ಅಂತ ನಾ ಅಂದಿದ್ರ, ನಿಮ್ಮ ಕಿವಿ ಹೋಗ್ಯಾವು ಅಂತ ಅಂದಂಗ ಆಗ್ತಿತ್ತಲ್ಲ," ಎಂದಳು. "ಅದಕ್ಕ ಮಾಡಿದೆ. ಸುಳ್ಳು ಅಂತ ಗೊತ್ತಿದ್ದೂ ಮಾಡಿದೆ."

ಕಣ್ಣು ತುಂಬಿತು, ಚಹಾದ ಬಿಸಿಗೆ ಎಂಬಂತೆ ಒರೆಸಿಕೊಂಡೆ. ಅವಳು ನೋಡಿಯೂ ನೋಡದ ಹಾಗೆ ಎದ್ದು, ಮೋಡಾವನ್ನು ಎತ್ತಿ ನನ್ನ ಪಕ್ಕಕ್ಕೆ ಹಾಕಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ನನ್ನ ಮೊಣಕೈಯನ್ನು ಬೆರಳಿನಿಂದ ಮುಟ್ಟಿದಳು. ಏನು ಎಂದು ತಿರುಗಿದೆ. ನಿಂಬೆ ಗಿಡದ ಕಡೆ ಗದ್ದ ತೋರಿಸಿ, "ಈಗ ಕೂಗ್ತು," ಎಂದಳು. ನಾನು ಆ ಕಡೆ ನೋಡಿದೆ, ಎಲೆ ಅಲುಗುತ್ತಿತ್ತು. ಮತ್ತೆ ಮುಟ್ಟಿದಳು. ಈ ಸಲ ಎದುರು ಮನೆಯ ಪಾಗಾರ ಗೋಡೆಯ ಕಡೆ. ಮತ್ತೆ ಮುಟ್ಟಿದಳು. ಚಹಾ ಆರಿಹೋಯಿತು, ಇಬ್ಬರೂ ಕುಡಿಯಲಿಲ್ಲ. ಒಳಗೆ ಕುಕ್ಕರ್ ಇಡಬೇಕೆಂದು ಅವಳು ಏಳುವ ಹೊತ್ತಿಗೆ ನನ್ನ ಮೊಣಕೈಯನ್ನು ಹನ್ನೊಂದು ಸಲ ಮುಟ್ಟಿದ್ದಳು.